'ಅಪರೂಪದ ಶಸ್ತ್ರಚಿಕಿತ್ಸೆ' ಆಯ್ತು, ಒಂದು ವರ್ಷ ಬಿಟ್ಟು ಏನಾಯ್ತು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮುಂಬೈ ಪುಟದಲ್ಲಿ ಆಗಾಗ ಒಂದೇ ಥರದ ಸುದ್ದಿ ಬರುತ್ತದೆ. 'ಅಪರೂಪದ ಹೃದಯ ಶಸ್ತ್ರಚಿಕಿತ್ಸೆ ಯಶಸ್ವಿ, ಯುವಕನಿಗೆ ಮರುಜನ್ಮ.' ಜೊತೆಗೊಂದು ಫೋಟೋ. ಮಂಚದ ಪಕ್ಕ ನಾಲ್ಕೈದು ಡಾಕ್ಟರು, ಒಂದು ಹೂಗುಚ್ಛ, ನಡುವೆ ಏನು ಮಾಡಬೇಕೋ ತೋಚದೆ ನಗುತ್ತಿರುವ ರೋಗಿ. ಡಾಕ್ಟರುಗಳ ಹೆಸರು ಡಿಗ್ರಿ ಸಮೇತ ಇರುತ್ತದೆ. ಆಸ್ಪತ್ರೆಯ ಮಾಲೀಕರ ಹೆಸರೂ ಇರುತ್ತದೆ. ಕಾಯಿಲೆಯ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಹೋದ ತಿಂಗಳು ಬಂದದ್ದು 'ಹೃದಯದೊಳಗೆ ನಿಂಬೆಹಣ್ಣಿನ ಗಾತ್ರದ ಗಡ್ಡೆ'. ಅದರಲ್ಲಿದ್ದ ಅಷ್ಟಿಷ್ಟು ವಿವರ ನೋಡಿದರೆ ಅದು ಮಿಕ್ಸೋಮಾ ಇರಬೇಕು ಅಂತ ನನ್ನ ಊಹೆ. ಹೃದಯದಲ್ಲೇ ಹುಟ್ಟುವ ಗಡ್ಡೆಗಳು ಕಡಿಮೆ, ನಿಜ. ಆದರೆ ಹಾಗೆ ಹುಟ್ಟುವುದರಲ್ಲಿ ದೊಡ್ಡವರಿಗೆ ಹೆಚ್ಚಾಗಿ ಬರುವುದು ಇದೇ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಮುಕ್ಕಾಲು ಪಾಲು ಎಡ ಮೇಲ್ಕೋಣೆಯಲ್ಲಿ ಒಂದು ತೊಟ್ಟಿನ ಮೇಲೆ ತೂಗಾಡುತ್ತಿರುತ್ತದೆ. ಹೃದಯದ ಕವಾಟಕ್ಕೆ, ಅಂದರೆ ವಾಲ್ವಿಗೆ, ಅಡ್ಡ ಬಂದರೆ ಉಸಿರು ಕಟ್ಟುತ್ತದೆ, ತಲೆ ತಿರುಗಿ ಬೀಳುತ್ತಾರೆ. ಚೂರು ಕಳಚಿ ಮೆದುಳಿಗೆ ಹೋದರೆ ಲಕ್ವ. ಒಂದು ಟು-ಡಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರೆ ಗೊತ್ತಾಗುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಎಂಬ ಸರ್ಜನ್ ಇದನ್ನು ಮೊದಲ ಸಲ ಸರಿಯಾಗಿ ತೆಗೆದದ್ದು 1954ರಲ್ಲಿ. ಈಗ ದೊಡ್ಡ ಹಾರ್ಟ್ ಸೆಂಟರುಗಳಲ್ಲಿ ಇದು ಗೊತ್ತಿರುವ ಆಪರೇಷನ್ನೇ. ಕೆಲವರಿಗೆ ಮತ್ತೆ ಬೆಳೆಯುತ್ತದೆ, ಅದಕ್ಕೇ ಮುಂದೆಯೂ ಎಕೋ ಮಾಡಿಸುತ್ತಿರಬೇಕು. ಇಷ್ಟು ಬರೆಯಲು ನಿಮಗೆ ಹತ್ತು ಸಾಲು ಸಾಕಾಗುತ್ತಿತ್ತು. ಲಕ್ವ ಹೊಡೆದ ಚಿಕ್ಕ ವಯಸ್ಸಿನವರು ಮನೆಯಲ್ಲಿದ್ದರೆ 'ಹೃದಯವನ್ನೂ ಒಮ್ಮೆ ನೋಡಿಸೋಣ' ಅಂತ ಯಾರಿಗಾದರೂ ಹೊಳೆಯುತ್ತಿತ್ತು. ಆ ಹತ್ತು ಸಾಲಿನ ಜಾಗ ಹೂಗುಚ್ಛಕ್ಕೆ ಹೋಯಿತು.

ಇದನ್ನೆಲ್ಲ ಹೇಳಲು ನಾನ್ಯಾರು ಅಂತ ಕೇಳಬಹುದು. ನಾನು ಡಾಕ್ಟರಲ್ಲ. ಮುಂಬೈಯ ಒಂದು ದೊಡ್ಡ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದವನು. ಆಸ್ಪತ್ರೆಯ ಹೆಸರು ಬೇಡ. ರೋಗಿ ಮನೆಗೆ ಹೋದ ಮೇಲೆ ಅವರ ಕೇಸ್ ಪೇಪರ್ ನಮ್ಮ ಹತ್ತಿರ ಬರುತ್ತದೆ. ನಂಬರ್ ಹಾಕಿ, ಕಟ್ಟು ಕಟ್ಟಿ, ರ‍್ಯಾಕಿನಲ್ಲಿ ಇಡುವುದು ನಮ್ಮ ಕೆಲಸ. ಸುಮ್ನೆ ಕಾಗದ ಜೋಡಿಸುವ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಎಂಸಿಎಚ್ ಅಂದರೆ ಸರ್ಜನ್‌ಗಳ ಮೇಲಿನ ಡಿಗ್ರಿ ಓದುವ ರೆಸಿಡೆಂಟ್ ಡಾಕ್ಟರುಗಳು ಥೀಸಿಸ್ ಬರೆಯುವ ಕಾಲಕ್ಕೆ ನಮ್ಮ ಮುಂದೆ ಬಂದು ನಿಲ್ಲಲೇಬೇಕು. 'ಅಣ್ಣಾ, ಈ ನಂಬರಿನ ಪೇಪರ್ ಸಿಗುತ್ತಾ' ಅಂತ ಚೀಟಿ ಹಿಡಿದು ಬರುತ್ತಿದ್ದರು. ರಾತ್ರಿ ಡ್ಯೂಟಿ ಮುಗಿಸಿ, ಊಟ ಇಲ್ಲದೆ, ಧೂಳಿನಲ್ಲಿ ಕೂತು ಹಳೆಯ ಪೇಪರುಗಳನ್ನು ತಿರುವುವ ಆ ಹುಡುಗರನ್ನು ನೋಡಿದರೆ ಪಾಪ ಅನಿಸುತ್ತಿತ್ತು. ಸಂಶೋಧನೆ ಅಂದರೆ ನಮ್ಮ ಜನರಿಗೆ ಮೈಕ್ರೋಸ್ಕೋಪು, ಬಿಳಿ ಕೋಟು ಕಣ್ಣ ಮುಂದೆ ಬರುತ್ತದೆ. ನಾನು ನೋಡಿದ ಸಂಶೋಧನೆಯಲ್ಲಿ ಅರ್ಧ ಪಾಲು ಇದೇ: ಯಾರಿಗೆ ಏನು ಆಪರೇಷನ್ ಆಯ್ತು, ಅವರು ಈಗ ಹೇಗಿದ್ದಾರೆ ಅಂತ ಹುಡುಕುವುದು.

ಮೊದಲನೆಯದು ಪೇಪರಿನಲ್ಲಿ ಸಿಗುತ್ತದೆ. ಎರಡನೆಯದು ಸಿಗುವುದೇ ಕಷ್ಟ. ಕೊಟ್ಟ ವಿಳಾಸಕ್ಕೆ ಕಾಗದ ಹಾಕಿದರೆ ಆ ಚಾಳೇ ಇಲ್ಲ, ಒಡೆದು ಟವರ್ ಕಟ್ಟಿದ್ದಾರೆ. ಮೊಬೈಲ್ ನಂಬರ್ ಬದಲಾಗಿರುತ್ತದೆ. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ವಿಜಯಪುರ, ಕಲಬುರಗಿ ಕಡೆಯವರಂತೂ ಆಪರೇಷನ್ ಆದ ಮೇಲೆ ಊರಿಗೆ ಹೋಗಿಬಿಡುತ್ತಾರೆ, ಮತ್ತೆ ಮುಂಬೈ ಕಡೆ ತಲೆ ಹಾಕುವುದಿಲ್ಲ. ಡಾಕ್ಟರುಗಳ ಲೆಕ್ಕದಲ್ಲಿ ಇವರೆಲ್ಲ 'ಲಾಸ್ಟ್ ಟು ಫಾಲೋಅಪ್'. ಬದುಕಿದ್ದಾರೋ ಇಲ್ಲವೋ, ಲೆಕ್ಕಕ್ಕೆ ಸಿಗುವುದಿಲ್ಲ.

ಒಮ್ಮೆ ಒಬ್ಬ ಮರಾಠಿ ರೆಸಿಡೆಂಟ್ ಕನ್ನಡದಲ್ಲಿ ಮಾತಾಡಲು ನನ್ನನ್ನು ಕರೆದ. ವಾಲ್ವ್ ಬದಲಿಸಿದ ರೋಗಿಗಳ ಪಟ್ಟಿ ಮಾಡುತ್ತಿದ್ದ. ಸಿಂದಗಿ ಕಡೆಯ ಒಬ್ಬ ಗೌಂಡಿಯ ಮನೆಗೆ ಫೋನ್ ಹಚ್ಚಿದೆವು. ಹೆಂಡತಿ ಎತ್ತಿದರು. 'ಹೆಂಗದಾರ್ರೀ ಯಜಮಾನ್ರು?' ಅಂದೆ. 'ಆರಾಮ ಅದಾರ್ರೀ. ಆರಾಮ ಆದ್ರಲ್ಲ, ಗುಳಿಗಿ ಬಂದ್ ಮಾಡೀವ್ರಿ' ಅಂದರು. ನಾನು ಅದನ್ನೇ ಹಿಂದಿಯಲ್ಲಿ ಹೇಳಿದಾಗ ಆ ಹುಡುಗನ ಮುಖದ ಬಣ್ಣ ಹೋಯಿತು.

ಯಾಕೆ ಅಂದರೆ ಲೋಹದ ವಾಲ್ವ್ ಹಾಕಿದವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಬದುಕಿರುವ ತನಕ ತೆಗೆದುಕೊಳ್ಳಬೇಕು. ಎಸಿಟ್ರಾಮ್ ಅಂತಲೋ ವಾರ್ಫ್ ಅಂತಲೋ ಬರೆದುಕೊಡುತ್ತಾರೆ. ನಿಲ್ಲಿಸಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ಅದು ಸಿಕ್ಕಿಕೊಳ್ಳಬಹುದು, ಇಲ್ಲವೇ ಚೂರು ಹೋಗಿ ಲಕ್ವ ಹೊಡೆಯಬಹುದು. ಡೋಸ್ ಜಾಸ್ತಿ ಆದರೆ ಒಸಡಿನಿಂದ, ಮೂತ್ರದಲ್ಲಿ, ಕೆಲವೊಮ್ಮೆ ತಲೆಯೊಳಗೇ ರಕ್ತ. ಅದಕ್ಕಾಗಿ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್ಆರ್ ಟೆಸ್ಟ್ ಮಾಡಿಸುತ್ತಲೇ ಇರಬೇಕು. ಒಂದು ವಾರ ದಿನಾ ಸೊಪ್ಪಿನ ಪಲ್ಯ ತಿಂದು ಮುಂದಿನ ವಾರ ಪೂರಾ ಬಿಟ್ಟರೂ ಲೆಕ್ಕ ಏರುಪೇರಾಗುತ್ತದೆ. ಇದೇ ಮನುಷ್ಯನ ಆಪರೇಷನ್ 'ಯಶಸ್ವಿ' ಅಂತಲೇ ನಮ್ಮ ದಾಖಲೆಯಲ್ಲಿತ್ತು. ಹೊಲಿಗೆ ಬಿಚ್ಚಿ ಡಿಸ್ಚಾರ್ಜ್ ಕಾರ್ಡ್ ಕೈಗೆ ಕೊಟ್ಟ ದಿನದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಅವತ್ತು ಫೋನಿನಲ್ಲಿ ಅವರಿಗೆ ನಾನು ಬೈದಂತೆಯೇ ಹೇಳಿದೆ, ನಾಳೆಯೇ ವಿಜಯಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಮಾತ್ರೆ ಮತ್ತೆ ಶುರು ಮಾಡಿ ಅಂತ. ಅವರಾದರೂ ಏನು ಮಾಡಿಯಾರು? ಡಿಸ್ಚಾರ್ಜ್ ಕಾರ್ಡು ಇಂಗ್ಲಿಷಿನಲ್ಲಿ, ಹೇಳಿದವರು ಮರಾಠಿ, ಕೇಳಿದವರು ಕನ್ನಡದವರು.

ಹಾಗಾಗಿ ನನ್ನ ಕೋರಿಕೆ ಒಂದೇ. ಅಪರೂಪದ ಆಪರೇಷನ್ ಸುದ್ದಿ ಹಾಕಿ, ಬೇಡ ಅನ್ನುವುದಿಲ್ಲ. ಒಂದು ವರ್ಷ ಬಿಟ್ಟು ಅದೇ ರೋಗಿಯನ್ನು ಕೇಳಿ ಇನ್ನೊಂದು ಸುದ್ದಿಯನ್ನೂ ಹಾಕಿ. ಚೆನ್ನಾಗಿದ್ದರೂ ಹಾಕಿ, ಇಲ್ಲದಿದ್ದರೂ ಹಾಕಿ.

ಇಲ್ಲದಿದ್ದರೂ ಹಾಕಿ ಅನ್ನುವುದಕ್ಕೆ ಮುಂಬೈಯ ನಮ್ಮ ಪರೇಲಿನಲ್ಲೇ ಕಾರಣ ಇದೆ. 1967ರ ಡಿಸೆಂಬರ್ 3ಕ್ಕೆ ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬಾರ್ನಾರ್ಡ್ ಮೊದಲ ಹೃದಯ ಕಸಿ ಮಾಡಿದ್ದು ಎಲ್ಲರಿಗೂ ಗೊತ್ತು. ಆ ರೋಗಿ ಬದುಕಿದ್ದು 18 ದಿನ. ಎರಡೂವರೆ ತಿಂಗಳೊಳಗೆ, 1968ರ ಫೆಬ್ರವರಿಯಲ್ಲಿ, ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅದೇ ಕೆಲಸಕ್ಕೆ ಕೈ ಹಾಕಿದರು. ಮನುಷ್ಯರಲ್ಲಿ ಮನುಷ್ಯರ ಹೃದಯ ಕಸಿ ಮಾಡಿದ ಜಗತ್ತಿನ ಮೊದಲ ನಾಲ್ವರು ಸರ್ಜನ್‌ಗಳಲ್ಲಿ ಅವರೊಬ್ಬರು. ಅದಕ್ಕೂ ಮುಂಚೆ ಅವರ ತಂಡ ನಾಯಿಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿತ್ತು. ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಅದೇ ವರ್ಷ ಇನ್ನೊಂದು ಪ್ರಯತ್ನ, ಆ ರೋಗಿಯೂ ಉಳಿಯಲಿಲ್ಲ. ಆಮೇಲೆ ಇಲ್ಲಿ ಬಹಳ ಕಾಲ ಎಲ್ಲ ತಣ್ಣಗಾಯಿತು. ಮೆದುಳು ಸತ್ತ ವ್ಯಕ್ತಿಯನ್ನು ಸತ್ತವರೆಂದು ಒಪ್ಪುವ ಕಾನೂನು ನಮ್ಮಲ್ಲಿ ಬಂದದ್ದೇ 1994ರಲ್ಲಿ. ಅದೇ ವರ್ಷದ ಆಗಸ್ಟ್ 3ಕ್ಕೆ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಭಾರತದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ನಮ್ಮ ಮುಂಬೈ ತನ್ನ ಯಶಸ್ಸಿಗೆ 2015ರ ಆಗಸ್ಟ್ ತನಕ ಕಾಯಬೇಕಾಯಿತು, ಅದೂ ಪುಣೆಯಿಂದ ಬಂದ ಹೃದಯದಿಂದ.

ಸೇನ್ ಸೋತರು ಅಂತ ಅವರ ಹೆಸರು ಅಳಿಸಬೇಕಾ? ಪರೇಲಿನಲ್ಲಿ ದಿನಾ ಓಡಾಡುವ ಎಷ್ಟು ಕನ್ನಡಿಗರಿಗೆ ಈ ಕಥೆ ಗೊತ್ತು? 1965ರಲ್ಲಿ ಅವರು ಇನ್ನೊಂದು ವಿಚಿತ್ರ ಕೆಲಸ ಮಾಡಿದ್ದರು. ಹಾವಿನಂಥ ಸರೀಸೃಪಗಳ ಹೃದಯದ ಮಾಂಸಕ್ಕೆ ರಕ್ತ ಬಹಳ ಮಟ್ಟಿಗೆ ಒಳಗಿನ ಕೋಣೆಯಿಂದಲೇ ಇಂಗುತ್ತದೆ. ಅದನ್ನು ನೋಡಿ, ರಕ್ತನಾಳ ಕಟ್ಟಿದ ಹೃದಯದ ಗೋಡೆಗೆ ಸೂಜಿಯಲ್ಲಿ ತೂತು ಮಾಡಿದರೆ ಹೇಗೆ ಅಂತ ಯೋಚಿಸಿ ಪ್ರಯೋಗ ಮಾಡಿ ಬರೆದರು. ಆ ತೂತುಗಳು ಮುಚ್ಚಿಹೋದವು ಅನ್ನುವುದು ಬೇರೆ ಮಾತು. ಆದರೆ ಮುಂದೆ ಪರದೇಶದವರು ಅದನ್ನೇ ಲೇಸರಿನಲ್ಲಿ ಮಾಡಲು ಹೊರಟರು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು 1963ರಲ್ಲಿ ಸೇನ್ ಮತ್ತು ಅವರ ಜೊತೆಗಾರರು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನ. ಚಿಕ್ಕ ವಯಸ್ಸಿನವರು ಬರುತ್ತಿದ್ದರು. ಕೈಯಲ್ಲಿ ಬಿಪಿ ನೋಡಿದರೆ ವಿಪರೀತ, ಕಾಲಿನ ನಾಡಿ ಸಿಗುವುದೇ ಇಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎದೆಯ ಕೆಳಭಾಗದಲ್ಲೋ ಹೊಟ್ಟೆಯಲ್ಲೋ ಸಣ್ಣಗಾಗಿರುತ್ತಿತ್ತು. ಒಬ್ಬೊಬ್ಬರನ್ನೇ ನೋಡಿದರೆ ಒಂದೊಂದೂ 'ಅಪರೂಪದ ಕೇಸ್'. ಪೇಪರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದೊಂದು ರೋಗ, ನಮ್ಮ ಕಡೆ ಇರುವ ರೋಗ ಅಂತ ಗೊತ್ತಾಯಿತು. 1908ರಲ್ಲಿ ಜಪಾನಿನ ಕಣ್ಣಿನ ಡಾಕ್ಟರ್ ತಕಯಾಸು ಒಬ್ಬ ಯುವತಿಯ ಕಣ್ಣಿನಲ್ಲಿ ಕಂಡದ್ದು ಇದೇ ಜಾತಿಯ ರಕ್ತನಾಳದ ಉರಿಯೂತ. ಅಪರೂಪದ ಕೇಸಿನ ಬೆಲೆ ಇರುವುದು ಇಲ್ಲಿ, ನೋಡಿ. ಒಂದು ಕೇಸಿನಿಂದ ಯಾವ ಚಿಕಿತ್ಸೆಯೂ ಒಳ್ಳೆಯದು ಅಂತ ಸಾಬೀತಾಗುವುದಿಲ್ಲ. ಅದನ್ನು ಬರೆದಿಟ್ಟರೆ ಮುಂದಿನವನು ಅಂಥದ್ದನ್ನೇ ಕಂಡಾಗ ತಾನೊಬ್ಬನೇ ಅಲ್ಲ ಅಂತ ತಿಳಿಯುತ್ತಾನೆ.

ಅಪರೂಪ ಅನ್ನುವುದೂ ಲೆಕ್ಕದ ಮಾತು. 'ಹೃದಯ ಬಲಗಡೆ ಇದ್ದ ವ್ಯಕ್ತಿಗೆ ಬೈಪಾಸ್' ಅಂತ ಸುದ್ದಿ ಬರುತ್ತದೆ. ಒಳಗಿನ ಅಂಗಗಳೆಲ್ಲ ಎಡಬಲ ಅದಲುಬದಲಾಗಿ ಹುಟ್ಟುವುದು ಸುಮಾರು ಹತ್ತು ಸಾವಿರಕ್ಕೊಬ್ಬರು ಅಂತ ಪುಸ್ತಕಗಳಲ್ಲಿದೆ. 2011ರ ಜನಗಣತಿಯಲ್ಲಿ ಬೃಹನ್ಮುಂಬೈ 1.24 ಕೋಟಿ. ನೀವೇ ಭಾಗಿಸಿ ನೋಡಿ, ಈ ಊರಲ್ಲೇ ಸಾವಿರಕ್ಕೂ ಹೆಚ್ಚು ಜನ ಅಂಥವರು ಇರಬೇಕು. ಲೋಕಲ್ ಟ್ರೇನಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿರಬಹುದು, ಅವರಿಗೇ ಗೊತ್ತಿಲ್ಲದಿರಬಹುದು. ಸರ್ಜನ್‌ಗೆ ಕೆಲಸ ತಿರುಗಾಮುರುಗಾ ಆಗುತ್ತದೆ, ಕೆಲವರು ಮೇಜಿನ ಆಚೆ ಬದಿಗೆ ನಿಂತು ಮಾಡುತ್ತಾರೆ, ಇಸಿಜಿ ತಂತಿಗಳನ್ನೂ ಉಲ್ಟಾ ಹಚ್ಚಬೇಕು. ಓದುಗರಿಗೆ ಬೇಕಾದದ್ದು ಈ ಕೊನೆಯ ಮಾತು. ನಿಮ್ಮ ಹೃದಯ ಬಲಗಡೆ ಇದೆ ಅಂತ ಗೊತ್ತಿದ್ದರೆ ಅದನ್ನು ಬರೆದು ಪಾಕೀಟಿನಲ್ಲಿ ಇಟ್ಟುಕೊಳ್ಳಿ. ಎದೆನೋವು ಎಡಗಡೆಗೇ ಬರಬೇಕೆಂದಿಲ್ಲ.

ಸುದ್ದಿಯ ಆತುರ ಎಷ್ಟು ದುಬಾರಿ ಅನ್ನುವುದಕ್ಕೆ ಸ್ವೀಡನ್ನಿನ ಕಥೆ ಸಾಕು. 2011ರಲ್ಲಿ ಪಾವ್ಲೊ ಮಕ್ಕಿಯಾರಿನಿ ಎಂಬ ಸರ್ಜನ್ ಪ್ಲಾಸ್ಟಿಕ್ಕಿನ ಶ್ವಾಸನಾಳ ಮಾಡಿ, ಅದರ ಮೇಲೆ ರೋಗಿಯದೇ ಸ್ಟೆಮ್ ಸೆಲ್ ಬಿತ್ತಿ, ಎದೆಯಲ್ಲಿ ಕೂರಿಸಿದ. ಅದು ಸ್ಟಾಕ್‌ಹೋಮ್‌ನ ಕ್ಯಾರೋಲಿನ್ಸ್ಕಾದಂಥ ಹೆಸರಾಂತ ಆಸ್ಪತ್ರೆ. ಜಗತ್ತಿನ ಪತ್ರಿಕೆಗಳೆಲ್ಲ 'ಜಗತ್ತಿನಲ್ಲೇ ಮೊದಲು' ಅಂತ ಕುಣಿದವು. ಲ್ಯಾನ್ಸೆಟ್ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆ ಲೇಖನ ಹಾಕಿತು. ಆ ಮೊದಲ ರೋಗಿ 2014ರಲ್ಲಿ ತೀರಿಕೊಂಡ. ಸ್ವೀಡನ್ನಿನಲ್ಲಿ ಅವನು ಆಪರೇಷನ್ ಮಾಡಿದ ಮೂವರೂ ಸತ್ತರು. ಅದೇ ಆಸ್ಪತ್ರೆಯ ನಾಲ್ವರು ಡಾಕ್ಟರುಗಳು ಕೇಸ್ ಪೇಪರುಗಳನ್ನೂ ಲೇಖನಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಪೇಪರಿನಲ್ಲಿ ಇದ್ದದ್ದು ಒಂದು, ಲೇಖನದಲ್ಲಿ ಬರೆದದ್ದು ಇನ್ನೊಂದು. ಲ್ಯಾನ್ಸೆಟ್ ಆ ಲೇಖನ ಹಿಂತೆಗೆದುಕೊಂಡದ್ದು 2018ರಲ್ಲಿ, ಮೇಲಿನ ಕೋರ್ಟು ಅವನಿಗೆ ಎರಡೂವರೆ ವರ್ಷ ಜೈಲು ಅಂದದ್ದು 2023ರಲ್ಲಿ. ರೆಕಾರ್ಡ್ ರೂಮಿನವನಾದ ನನಗೆ ಈ ಕಥೆ ಓದಿ ಒಂಥರಾ ಹೆಮ್ಮೆ ಆಯಿತು ಅಂದರೆ ತಪ್ಪು ತಿಳಿಯಬೇಡಿ. ಕೊನೆಗೆ ಸತ್ಯ ಸಿಕ್ಕಿದ್ದು ಹಳೆಯ ಕೇಸ್ ಪೇಪರಿನಲ್ಲಿ ಅಲ್ವಾ.

ತಾಳ್ಮೆಯ ಕಥೆಯೂ ನಮ್ಮಲ್ಲೇ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ನಮ್ಮದೇ ವಾಲ್ವ್ ಮಾಡಲು ಹೊರಟರು. ಪರದೇಶದ ವಾಲ್ವ್ ಬಡವರ ಕೈಗೆ ಎಟುಕುತ್ತಿರಲಿಲ್ಲ. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲೇ ಸೋತವು. ನಾಲ್ಕನೆಯದು ನಿಂತಿತು. ಅದನ್ನೂ ಮೊದಲು ಕುರಿಗಳಿಗೆ ಹಾಕಿ ನೋಡಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಆಮೇಲೂ ರೋಗಿಗಳ ಬೆನ್ನು ಹಿಡಿದು ಲೆಕ್ಕ ಇಟ್ಟರು. ಆ ವಲಿಯತ್ತಾನ್ ಮುಂದೆ ಮಣಿಪಾಲಕ್ಕೆ ಮೊದಲ ಕುಲಪತಿಯಾಗಿ ಬಂದರು. ನಮ್ಮ ಉಡುಪಿ ಕಡೆಯ ಹೋಟೆಲಿನವರಿಗೆ ಆ ಹೆಸರು ನೆನಪಿರಬಹುದು. ಅದೇ ಕಾಲದಲ್ಲಿ ಅಮೆರಿಕದ ದೊಡ್ಡ ಕಂಪನಿಯ ಬ್ಯೋರ್ಕ್-ಶೈಲೀ ಎಂಬ ಹೆಸರಿನ ವಾಲ್ವಿನ ಒಂದು ಮಾದರಿಯನ್ನು ಜಗತ್ತಿನಲ್ಲಿ ಸುಮಾರು 86,000 ಜನರಿಗೆ ಹಾಕಿದ್ದರು. ಅದರ ಕಂಬಿ ಕೆಲವರಲ್ಲಿ ಹೃದಯದೊಳಗೇ ಮುರಿಯುತ್ತಿತ್ತು. ಮುರಿದ ಒಂದೊಂದು ಕೇಸನ್ನೂ ಡಾಕ್ಟರುಗಳು ವರದಿ ಮಾಡಿದ್ದರಿಂದ ಒತ್ತಡ ಹೆಚ್ಚಾಗಿ 1986ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಆಗಲೇ ಹಾಕಿಸಿಕೊಂಡವರ ಗತಿ? ತೆಗೆಸಿ ಬೇರೆ ಹಾಕಿಸುವುದಾ, ಹಾಗೇ ಇರುವುದಾ ಅಂತ ಎದೆ ಹಿಡಿದುಕೊಂಡು ಕೂರುವುದೇ.

ಇನ್ನು ಸುದ್ದಿಯೇ ಆಗದ ಎದೆ ಆಪರೇಷನ್‌ಗಳು. ನಮ್ಮ ಊರಲ್ಲಿ ಶ್ವಾಸಕೋಶದ ಸರ್ಜನ್‌ಗಳ ಕೈಯಲ್ಲಿ ಬಹಳ ಕೆಲಸ ಟಿಬಿ ಬಿಟ್ಟುಹೋದ ಹಾಳು ಸರಿಮಾಡುವುದು. ಶ್ವಾಸಕೋಶದ ಸುತ್ತ ಕೀವು ತುಂಬಿ ಗಟ್ಟಿ ಪೊರೆ ಕಟ್ಟಿರುತ್ತದೆ, ಅದನ್ನು ಸುಲಿದು ತೆಗೆಯಬೇಕು. ವಾಸಿಯಾದ ಟಿಬಿಯ ತೂತಿನಲ್ಲಿ ಬೂಸ್ಟು ಉಂಡೆಗಟ್ಟಿ ಬೆಳೆದು, ರೋಗಿ ಬೊಗಸೆ ಬೊಗಸೆ ರಕ್ತ ಕೆಮ್ಮುತ್ತಾನೆ. ಸರ್ಜನ್‌ಗೆ ಇವು ಸುಲಭದ ಆಪರೇಷನ್ ಅಲ್ಲವೇ ಅಲ್ಲ. ಯಾವ ಆಸ್ಪತ್ರೆಯೂ ಇದಕ್ಕೆ ಪ್ರೆಸ್ ನೋಟ್ ಕಳಿಸುವುದಿಲ್ಲ, ಟಿಬಿ ಅಂದರೆ ಬಡವರ ರೋಗ ನೋಡಿ.

ಎದೆ ಆಪರೇಷನ್ ಅಂದಾಗ ಇವಾರ್ಟ್ಸ್ ಗ್ರಹಾಂ ನೆನಪಾಗುತ್ತಾರೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಕ್ಯಾನ್ಸರ್ ಆದ ಒಂದು ಇಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದರು. ರೋಗಿಯೂ ಡಾಕ್ಟರೇ, ಆಮೇಲೆ ಸುಮಾರು 30 ವರ್ಷ ಬದುಕಿದರು. ಗ್ರಹಾಂ ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದರು, ಸಿಗರೇಟಿಗೂ ಕ್ಯಾನ್ಸರಿಗೂ ಏನು ಸಂಬಂಧ ಅನ್ನುವವರಲ್ಲಿ ಒಬ್ಬರಾಗಿದ್ದರು. ಅವರ ಶಿಷ್ಯ ವಿಂಡರ್ ರೋಗಿಗಳನ್ನು ಕೇಳಿ ಕೇಳಿ ಲೆಕ್ಕ ತಂದಾಗ ಒಪ್ಪಿಕೊಂಡು, 1950ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಸಿಗರೇಟು ಬಿಟ್ಟರು. 1957ರಲ್ಲಿ ಅದೇ ಶ್ವಾಸಕೋಶದ ಕ್ಯಾನ್ಸರಿನಿಂದ ಹೋದರು. ಅವರ ರೋಗಿ ಅವರಿಗಿಂತ ಜಾಸ್ತಿ ಬದುಕಿದ.

ಮಕ್ಕಳ ವಿಷಯ ಬಿಡಲು ಮನಸ್ಸಾಗುವುದಿಲ್ಲ. ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಮಲಗುವ ಮನೆಗಳಲ್ಲಿ ಮಕ್ಕಳಿಗೆ ಗಂಟಲು ನೋವು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅದರಲ್ಲಿ ಒಂದು ಜಾತಿಯ ಸೋಂಕು ಕೆಲವು ಮಕ್ಕಳಲ್ಲಿ ಕೀಲುನೋವು, ಜ್ವರ ತಂದು ಕೊನೆಗೆ ಹೃದಯದ ವಾಲ್ವನ್ನೇ ಹಾಳು ಮಾಡುತ್ತದೆ. ಶ್ರೀಮಂತ ದೇಶಗಳಲ್ಲಿ ಈ ರುಮ್ಯಾಟಿಕ್ ಜ್ವರ ಈಗ ಅಪರೂಪದ ರೋಗ. ನಮ್ಮ ರ‍್ಯಾಕುಗಳಲ್ಲಿ ಇದರದ್ದೇ ಕಟ್ಟುಗಳು. ಒಮ್ಮೆ ಆ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ. ಬಹಳ ನೋಯುತ್ತದೆ, ಮಕ್ಕಳು ತಪ್ಪಿಸಿಕೊಳ್ಳುತ್ತವೆ, ತಾಯಂದಿರು ಪಾಪ ಅಂತ ಬಿಡುತ್ತಾರೆ. ಬಿಡಬಾರದು. ಬೇಕಾದರೆ ಈ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಪ್ರೆಸ್ ನೋಟ್ ಬಂದಾಗ ನಿಮ್ಮ ವರದಿಗಾರರು ಕೇಳಬೇಕಾದ್ದು ಹೆಚ್ಚೇನೂ ಇಲ್ಲ. ಕಾಯಿಲೆಯ ಹೆಸರೇನು? ಇಂಥದ್ದು ಇದಕ್ಕೂ ಮುಂಚೆ ಎಲ್ಲಿ ಆಗಿದೆ? ದುಡ್ಡು ಯಾರು ಕೊಟ್ಟರು, ಸರ್ಕಾರದ ಯೋಜನೆಯಾ, ಟ್ರಸ್ಟಾ, ಊರ ಹೊಲ ಮಾರಿದ್ದಾ? ಹೊಸ ಔಷಧ, ಹೊಸ ಸಾಧನದ ಪ್ರಯೋಗ ಅಂದರೆ ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ಆ ಪ್ರಯೋಗದ ನೋಂದಣಿ ನಂಬರ್ ಕೇಳಿ. ಆ ನೋಂದಣಿ 2007ರಲ್ಲೇ ಶುರುವಾಗಿ 2009ರಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯವಾಗಿದೆ, ಯಾರು ಬೇಕಾದರೂ ನೋಡಬಹುದು. ರೋಗಿಯ ಫೋಟೋಕ್ಕೆ ಒಪ್ಪಿಗೆ ಇದೆಯಾ ಅಂತಲೂ ಕೇಳಿ. ಡಾಕ್ಟರುಗಳ ಜರ್ನಲ್ಲಿನಲ್ಲಿ ಮುಖ ಮುಚ್ಚಿ ಹಾಕುವ ಫೋಟೋ ನಮ್ಮ ಪತ್ರಿಕೆಗಳಲ್ಲಿ ಹೆಸರು, ಊರು, ಎದೆಯ ಗಾಯದ ಸಮೇತ ಬರುತ್ತದೆ. ನಾಳೆ ಅದೇ ಹುಡುಗಿಗೆ ಗಂಡು ನೋಡುವಾಗ ಆ ಪೇಪರ್ ಕಟಿಂಗು ಯಾರ ಕೈಯಲ್ಲಿರುತ್ತದೋ.

ಓದುಗರಿಗೂ ಒಂದು ಮಾತು. ನಿಮ್ಮ ಡಿಸ್ಚಾರ್ಜ್ ಕಾರ್ಡು, ಆಪರೇಷನ್ ನೋಟು, ವಾಲ್ವಿನ ಜೊತೆ ಕೊಡುವ ಚಿಕ್ಕ ಕಾರ್ಡು, ಇವನ್ನು ಬೀರುವಿನಲ್ಲಿ ಇಟ್ಟು ಜೆರಾಕ್ಸ್ ಜೊತೆಯಲ್ಲಿ ಇಟ್ಟುಕೊಳ್ಳಿ. ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಮನೆ ಬದಲಿಸಿದರೆ, ಊರಿಗೆ ಹೋದರೆ, ಆಸ್ಪತ್ರೆಗೆ ಒಂದು ಫೋನ್ ಮಾಡಿ ಹೊಸ ನಂಬರ್ ಕೊಡಿ. ಅತ್ತ ಕಡೆಯವರು ಗದರಿದರೂ ಕೊಡಿ.

ಸಂಪಾದಕರೇ, ವರ್ಷದ ನಂತರ ಫೋನ್ ಮಾಡಿ ವಿಚಾರಿಸಲು ನಿಮ್ಮಲ್ಲಿ ಜನ ಇಲ್ಲ ಅನ್ನುತ್ತೀರಿ, ಗೊತ್ತು. ಮುಂಬೈಯಲ್ಲಿ ಕನ್ನಡ ಬಲ್ಲ ರಿಟೈರ್ ಆದ ನರ್ಸುಗಳು, ಆಪರೇಷನ್ ಥಿಯೇಟರಿನ ಟೆಕ್ನಿಶಿಯನ್ನರು, ನನ್ನಂಥ ಗುಮಾಸ್ತರು ಬೇಕಾದಷ್ಟು ಜನ ಮನೆಯಲ್ಲಿ ಕೂತಿದ್ದೇವೆ. ರೋಗಿ ಒಪ್ಪಿದರೆ ನಂಬರ್ ನಮಗೆ ಕೊಡಿ, ಕೇಳಿ ಬರೆದುಕೊಡುತ್ತೇವೆ. ದುಡ್ಡು ಬೇಡ. ನನಗೆ ಹೇಳಿಕಳಿಸುವುದಾದರೆ ಮಧ್ಯಾಹ್ನ ನಾಲ್ಕರ ಮೇಲೆ, ಅದಕ್ಕೂ ಮುಂಚೆ ಮಲಗಿರುತ್ತೇನೆ.

ಇಂತಿ,
ನಿವೃತ್ತ ರೆಕಾರ್ಡ್ ಗುಮಾಸ್ತ,
ಡೊಂಬಿವಲಿ ಪೂರ್ವ